ಮಸಿ ಕಟ್ಟದ ಮದ್ದು ಯಾವುದು: ಚಿಂತಾಮಣಿಯ ಗೆಳೆಯರಿಗೆ ಉತ್ತರ

ಆತ್ಮೀಯರೇ,

ಚಿಂತಾಮಣಿಯಿಂದ ಟೆಕ್ಸಸ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲವೆಂದೂ, ನಿಮ್ಮ ಕಚೇರಿಯ ಹಿರಿಯರೊಬ್ಬರು ಗ್ಯಾರೇಜಿನಲ್ಲಿ ಕೂತು ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುವುದನ್ನು ಕಂಡು ನಿಮಗೂ ಆಸೆಯಾಗಿದೆಯೆಂದೂ, ಆದರೆ ಅವರ ಕೈಯೆಲ್ಲ ಮಸಿಯಿಂದ ಕಪ್ಪಾಗಿತ್ತೆಂದೂ ಬರೆದಿದ್ದೀರಿ. ಪಿಸ್ತೂಲಿನ ತೋಟಾಗೆ ಮಸಿ ಕಟ್ಟದ ಮದ್ದು ಯಾವುದು, ಒಂದು ಡಬ್ಬಿ ತಂದಿಟ್ಟುಕೊಳ್ಳಲೇ ಎಂಬುದು ನಿಮ್ಮ ಪ್ರಶ್ನೆ. ನಾನು ಶಿರಾದವನು, ಇಲ್ಲಿಗೆ ಬಂದು ಇಪ್ಪತ್ತೊಂದು ವರ್ಷವಾಯಿತು, ಈ ಕೆಲಸ ಕಲಿತು ಒಂಬತ್ತು.

ಡಬ್ಬಿಯನ್ನು ಸದ್ಯಕ್ಕೆ ತರಬೇಡಿ. ನೀವು ಯಾವ ವೀಸಾದ ಮೇಲೆ ಇದ್ದೀರೆಂದು ಬರೆದಿಲ್ಲ. ಎಚ್‌-1ಬಿ ಮೊದಲಾದ ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಪಡೆದವರಿಗೆ ಇರುವಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ಇಲ್ಲಿ ಹಲವರು ಎಡವುವ ಜಾಗವೊಂದಿದೆ: ಆ ಕಾನೂನಿನ ವ್ಯಾಖ್ಯೆಯಲ್ಲಿ ತುಂಬಿದ ತೋಟಾ ಮಾತ್ರವಲ್ಲ, ಖಾಲಿ ಕೇಸು (ತೋಟಾದ ಲೋಹದ ಕವಚ), ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ), ಗುಂಡು, ಮದ್ದು ಇವುಗಳಲ್ಲಿ ಪ್ರತಿಯೊಂದೂ ಮದ್ದುಗುಂಡೇ ಆಗುತ್ತದೆ. ಪಿಸ್ತೂಲೇ ಇಲ್ಲದ ಮನೆಯ ಕಪಾಟಿನಲ್ಲಿ ಒಂದು ಪೌಂಡ್ ಮದ್ದು ಇದ್ದರೂ ನಿಮ್ಮ ವಲಸೆಯ ಕಡತಕ್ಕೆ ಕುತ್ತು ಬರಬಹುದು. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿಷೇಧವಿಲ್ಲ. ಭಾರತದಲ್ಲಿ ಹುಟ್ಟಿದವರ ಸರದಿ ಎಷ್ಟು ಉದ್ದವೆಂದು ನಾನು ಹೇಳಬೇಕಾಗಿಲ್ಲ. ಆದರೂ ವಲಸೆಯ ವಕೀಲರನ್ನು ಒಮ್ಮೆ ಕೇಳಿದ ಮೇಲೆಯೇ ಮುಂದಿನ ಹೆಜ್ಜೆ ಇಡಿ.

ಇನ್ನು ಮಸಿಯ ವಿಚಾರ. ನಮ್ಮ ತಾತನ ಬಳಿ ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲೆಂದು ಲೈಸೆನ್ಸ್ ಪಡೆದ ಒಂದು ಕೇಪಿನ ಕೋವಿ ಇತ್ತು. ಅದಕ್ಕೆ ಹಾಕುತ್ತಿದ್ದುದು ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆತ ಕರಿಮದ್ದು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲೇ ಉಳಿಯುತ್ತದೆ. ಹಾಗಾಗಿಯೇ ತಾತ ಹಂಡೆಯಿಂದ ಕುದಿನೀರು ತಂದು ನಳಿಗೆಗೆ ಸುರಿಯುತ್ತಿದ್ದರು, ಅಂಗಳಕ್ಕೆ ಹರಿದ ನೀರು ಕಾಡಿಗೆಯಂತಿರುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ನೈಟ್ರೋಸೆಲ್ಯುಲೋಸಿನಿಂದ ಹೊಗೆರಹಿತ ಮದ್ದನ್ನು ಮಾಡಿದ ಮೇಲೆ ಆ ಕಾಲ ಮುಗಿಯಿತು. ಇಂದು ಅಂಗಡಿಯಲ್ಲಿ ಸಿಗುವ ಅತ್ಯಂತ ‘ಗಲೀಜು’ ಮದ್ದು ಕೂಡ ತಾತನ ಕಣ್ಣಿಗೆ ಚೊಕ್ಕವಾಗಿಯೇ ಕಾಣುತ್ತಿತ್ತು.

ಹಾಗಾದರೆ ನಿಮ್ಮ ಹಿರಿಯರ ಕೈ ಕಪ್ಪಾಗಿದ್ದೇಕೆ? ಡಬ್ಬಿಯ ಮೇಲಿನ ಹೆಸರನ್ನು ದೂರುವ ಮೊದಲು ಅವರು ಎಷ್ಟು ತುಂಬುತ್ತಾರೆಂದು ಕೇಳಿ. ಮದ್ದು ಪೂರ್ತಿ ಉರಿಯಲು ಒತ್ತಡ ಬೇಕು. ನಿಧಾನವಾಗಿ ಉರಿಯುವ ಮದ್ದನ್ನು ಆರಿಸಿ, ಪಿಸ್ತೂಲು ಹಿಂದಕ್ಕೆ ಒದೆಯುವುದು ಕಡಿಮೆಯಾಗಲೆಂದು ಅದನ್ನು ಮದ್ದು ತಯಾರಕರ ಕೈಪಿಡಿಯ ಕನಿಷ್ಠ ಮಟ್ಟದಲ್ಲಿ ತುಂಬಿದರೆ ಒತ್ತಡ ಸಾಲದೆ ಅರೆಬೆಂದ ಹರಳುಗಳು ನಳಿಗೆಯಲ್ಲೇ ಉಳಿಯುತ್ತವೆ. ಹಿತ್ತಾಳೆಯ ಕೇಸು ಹಿಗ್ಗಿ ಚೇಂಬರಿನ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡಿನ) ಗೋಡೆಗೆ ಬಿಗಿಯಾಗಿ ಕೂರದ ಕಾರಣ ಅನಿಲ ಹಿಂದಕ್ಕೆ ನುಸುಳಿ ಕೇಸಿನ ಹೊರಮೈಗೂ ಮಸಿ ಬಳಿಯುತ್ತದೆ. ಕೇಸಿನ ಒಂದೇ ಪಕ್ಕದಲ್ಲಿ ಕಪ್ಪು ಪಟ್ಟೆ ಕಂಡರೆ ಬಹುಮಟ್ಟಿಗೆ ಇದೇ ಕಾರಣ. ಅಂಥಲ್ಲಿ ಬೇಗ ಉರಿಯುವ ಮದ್ದಿಗೆ ಬದಲಾಯಿಸಿಕೊಂಡರೆ ಸಾಕು. ಮೇಣ ಸವರಿದ ಸೀಸದ ಗುಂಡು ಬಳಸುತ್ತಿದ್ದರೆ ಆ ಹೊಗೆ ಮೇಣದ್ದು, ಮದ್ದಿನದಲ್ಲ.

ಹೆಸರು ಕೇಳಿದ್ದೀರಾದ್ದರಿಂದ ಹೇಳುತ್ತೇನೆ. ಚೊಕ್ಕವಾಗಿ ಉರಿಯುವುದಕ್ಕೆ ಫಿನ್ಲೆಂಡಿನ ವಿಹ್ತಾವುವೊರಿ ಎನ್‌320 ಹೆಸರುವಾಸಿ. ನಾನು 9 ಎಂಎಂ ಅಳತೆಯ ಪಿಸ್ತೂಲಿನ ತೋಟಾಗೆ ಬಳಸುವುದು ಅದನ್ನೇ. ಹಾಜ್ಡನ್‌ನವರ ಟೈಟ್‌ಗ್ರೂಪ್ ಕೂಡ ಚೊಕ್ಕವೇ, ಬೆಲೆಯೂ ಕಡಿಮೆ, ಆದರೆ ಬಹಳ ಬಿಸಿಯಾಗಿ ಉರಿಯುತ್ತದೆ. ವಿಂಚೆಸ್ಟರ್ 231 ಮತ್ತು ಎಚ್‌ಪಿ-38 ಒಂದೇ ಮದ್ದಿನ ಎರಡು ಹೆಸರುಗಳು, ಎರಡನ್ನೂ ಕೊಂಡು ಹೋಲಿಸಲು ಹೋಗಬೇಡಿ. ಯೂನಿಕ್ ಒಂದು ಶತಮಾನಕ್ಕೂ ಹಳೆಯದು, ಮಸಿಯ ಅಪವಾದ ಹೊತ್ತದ್ದು. ನನಗಂತೂ ಅದರ ಮೇಲೆ ಗೌರವವಿದೆ.

ಗೌರವ ಏಕೆಂದರೆ, ಯೂನಿಕ್‌ನ ಚಪ್ಪಟೆ ಹರಳುಗಳು ಜಾಗ ತುಂಬುತ್ತವೆ. 9 ಎಂಎಂ ತೋಟಾಗೆ ಬೇಕಾಗುವುದು ಸುಮಾರು 4 ಗ್ರೇನ್, ಅಂದರೆ ಕಾಲು ಗ್ರಾಂ. ಅಂಗೈಯಲ್ಲಿ ಒಂದು ಚಿಟಿಕೆ ರವೆಯಷ್ಟು. ಟೈಟ್‌ಗ್ರೂಪ್ ದಟ್ಟವಾದ ಮದ್ದು. ಕೈತಪ್ಪಿ ಒಂದೇ ಕೇಸಿಗೆ ಎರಡು ಸಲ ಬಿದ್ದರೂ 9 ಎಂಎಂ ಕೇಸಿನಲ್ಲಿ ಅದು ಸದ್ದಿಲ್ಲದೆ ಹಿಡಿಸುತ್ತದೆ, ಮೇಲೆ ಗುಂಡು ಕೂರುತ್ತದೆ, ಸಿಡಿಯುವುದು ಪಿಸ್ತೂಲು. .38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾದಲ್ಲಿ ಅಪಾಯ ಇನ್ನೂ ಹೆಚ್ಚು: 1898ರ ಆ ಕೇಸನ್ನು ಕರಿಮದ್ದಿಗೆಂದು ಅಳೆದದ್ದಾದ್ದರಿಂದ ಇಂದಿನ ಚಿಟಿಕೆ ಮದ್ದು ಹಗೇವಿನ ತಳದ ರಾಗಿಯಂತೆ ಎಲ್ಲೋ ಅಡಗಿರುತ್ತದೆ. ಜಾಗ ತುಂಬುವ ಮದ್ದಾದರೆ 9 ಎಂಎಂನಲ್ಲಿ ಎರಡನೆಯ ಸಲದ್ದು ಬಾಯಿಂದ ಉಕ್ಕಿ ಮೇಜಿನ ಮೇಲೆ ಚೆಲ್ಲುತ್ತದೆ. ಹೊಸಬರಿಗೆ ಮಸಿಗಿಂತ ಇದು ಮುಖ್ಯವೆಂದು ನನ್ನ ಖಚಿತ ಅಭಿಪ್ರಾಯ. ನಳಿಗೆ ಒರೆಸಲು ಹತ್ತು ನಿಮಿಷ ಸಾಕು.

ಎನ್‌320ರಲ್ಲಿ ಚೊಕ್ಕವಾಗಿ ಉರಿಯುವುದು, ಜಾಗ ತುಂಬುವುದು ಈ ಎರಡು ಗುಣಗಳೂ ಇವೆ, ಬೆಲೆ ಹೆಚ್ಚು. ಆದರೆ ಒಂದು ಪೌಂಡಿಗೆ 7000 ಗ್ರೇನ್. 4 ಗ್ರೇನಿನಂತೆ 1750 ತೋಟಾಗಳಾಗುತ್ತವೆ. ಡಬ್ಬಿಗೆ 15 ಡಾಲರ್ ಹೆಚ್ಚು ತೆತ್ತರೂ ತೋಟಾ ಒಂದಕ್ಕೆ ಒಂದು ಸೆಂಟೂ ಹೆಚ್ಚಾಗದು.

ನನ್ನಿಂದಾದ ತಪ್ಪು ಎರಡು ಸಲ ಮದ್ದು ಬೀಳುವುದಕ್ಕೆ ವಿರುದ್ಧದ್ದು. ಒಂದು ರಾತ್ರಿ ಮದ್ದು ತುಂಬುತ್ತಿದ್ದಾಗ ಶಿರಾದಿಂದ ಅಮ್ಮನ ಫೋನ್ ಬಂತು. ಅಲ್ಲಿ ಬೆಳಗಿನ ಕಾಫಿಯ ಹೊತ್ತು, ಬೋರ್‌ವೆಲ್ ಮೋಟಾರು ಸುಟ್ಟ ಸುದ್ದಿ. ಫೋನನ್ನು ಕಿವಿಗೆ ಆನಿಸಿಕೊಂಡೇ ಕೈ ಓಡಿಸಿದೆ. ಆ ಶನಿವಾರ ಗುರಿ ಅಭ್ಯಾಸದ ರೇಂಜಿನಲ್ಲಿ ಒಂದು ತೋಟಾ ‘ಢಂ’ ಎನ್ನದೆ ‘ಟುಸ್’ ಎಂದಿತು. ಅದರಲ್ಲಿ ಮದ್ದೇ ಇರಲಿಲ್ಲ; ಪ್ರೈಮರಿನ ಬಲವೊಂದೇ ಗುಂಡನ್ನು ನಳಿಗೆಯ ನಡುವಿಗೆ ತಳ್ಳಿ ನಿಲ್ಲಿಸಿತ್ತು. ಅದರ ಹಿಂದೆ ಇನ್ನೊಂದು ಹಾರಿಸಿದ್ದರೆ ಈ ಉತ್ತರವನ್ನು ಎಡಗೈಯಲ್ಲಿ ಬರೆಯಬೇಕಾಗುತ್ತಿತ್ತೋ ಏನೋ. ಈಗ ಐವತ್ತು ಕೇಸುಗಳನ್ನು ಮಣೆಯಲ್ಲಿ ನಿಲ್ಲಿಸಿ, ಗುಂಡು ಕೂರಿಸುವ ಮುನ್ನ ಟಾರ್ಚ್ ಬಿಟ್ಟು ಪ್ರತಿಯೊಂದರೊಳಗೂ ಇಣುಕುತ್ತೇನೆ, ಫೋನ್ ಅಡುಗೆಮನೆಯಲ್ಲಿರುತ್ತದೆ.

ಅಳತೆಯನ್ನು ಯಾರ ಬಾಯಿಮಾತಿನಿಂದಲೂ, ನನ್ನದರಿಂದಲೂ, ತೆಗೆದುಕೊಳ್ಳಬೇಡಿ. ಮದ್ದು ತಯಾರಿಸಿದವರೇ ಪ್ರಕಟಿಸಿದ ಕೈಪಿಡಿಯಲ್ಲಿ ನಿಮ್ಮ ಗುಂಡಿನ ತೂಕಕ್ಕೆ ಕೊಟ್ಟಿರುವ ಆರಂಭದ ಅಳತೆಯಿಂದ ಶುರುಮಾಡಬೇಕು. ಮದ್ದು ಅದರ ಮೂಲ ಡಬ್ಬಿಯಲ್ಲೇ ಇರಲಿ. ಟೆಕ್ಸಸ್ ಬೇಸಗೆಯ ಗ್ಯಾರೇಜು ಅದಕ್ಕೆ ತಕ್ಕ ಜಾಗವಲ್ಲ, ಮನೆಯೊಳಗಿನ ತಂಪಾದ ಒಣ ಕಪಾಟು ಲೇಸು. ಡಬ್ಬಿ ತೆರೆದಾಗ ಹುಳಿ ವಾಸನೆ ಬಂದರೆ ಆ ಮದ್ದು ಕೆಟ್ಟಿದೆಯೆಂದೇ ತಿಳಿಯಿರಿ. ನಿಮ್ಮ ಹಿರಿಯರ ಕೈಗೆ ಹತ್ತಿದ ಮಸಿಯಲ್ಲಿ ಪ್ರೈಮರಿನ ಸೀಸವೂ ಇರುತ್ತದೆ. ಅವರ ಗ್ಯಾರೇಜಿನಲ್ಲಿ ಸುಮ್ಮನೆ ನೋಡುತ್ತ ಕೂತಿದ್ದು ಬಂದರೂ ಸೋಪು ಹಚ್ಚಿ ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ.