ಲಾಡ್ಜ್ ದಾಳಿಯಲ್ಲಿ ಸಿಕ್ಕ ಗಿರಾಕಿಯೂ ಆರೋಪಿಯೇ?

ಪ್ರಶ್ನೆ: ವೇಶ್ಯಾವಾಟಿಕೆ ನಡೆಯುತ್ತಿದೆ ಎಂದು ನಮ್ಮೂರಿನ ಲಾಡ್ಜ್ ಮೇಲೆ ಪೊಲೀಸರು ದಾಳಿ ಮಾಡಿದರು. ಮ್ಯಾನೇಜರ್, ಒಬ್ಬ ಗಿರಾಕಿ, ಇಬ್ಬರು ಮಹಿಳೆಯರು ಸಿಕ್ಕರು. ಗಿರಾಕಿಯ ಮೇಲೂ ಕಲಂ 3, 4, 5, 7 ಹಾಕಿದ್ದಾರೆ. ದುಡ್ಡು ಕೊಟ್ಟು ಹೋದದ್ದೇ ಅಪರಾಧವೇ? ಆ ಹೆಣ್ಣುಮಕ್ಕಳ ಗತಿ ಏನು?

ಉತ್ತರ: 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಮುಖ್ಯವಾಗಿ ದಂಧೆ ನಡೆಸುವವರನ್ನು ಶಿಕ್ಷಿಸುತ್ತದೆ. ಕಲಂ 3 ಅಡ್ಡೆ ನಡೆಸುವವರಿಗೆ, ಅದಕ್ಕೆ ಜಾಗ ಕೊಟ್ಟವರಿಗೆ. 4 ಆ ಸಂಪಾದನೆಯಲ್ಲಿ ಬದುಕುವವರಿಗೆ. 5 ದಂಧೆಗೆ ಕರೆತರುವವರಿಗೆ. ಗಿರಾಕಿಗೆ ನೇರವಾಗಿ ತಗಲುವುದು 7. ಅದಕ್ಕೆ ಜಾಗ ಅಧಿಸೂಚಿತ (ಸರ್ಕಾರ ಇದಕ್ಕೆಂದೇ ಆದೇಶ ಹೊರಡಿಸಿ ಗುರುತಿಸಿದ) ಪ್ರದೇಶದಲ್ಲಿರಬೇಕು, ಇಲ್ಲವೇ ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆಯಂಥ ಕಡೆಯಿಂದ 200 ಮೀಟರ್ ಒಳಗಿರಬೇಕು. ಮಹಿಳೆಗೂ ಗಿರಾಕಿಗೂ ಗರಿಷ್ಠ 3 ತಿಂಗಳು ಸಜೆ. ಹಾಗಾಗಿ ಮಹಜರಿನಲ್ಲಿ ದೂರ ಅಳೆದು ಬರೆದಿದ್ದಾರೆಯೇ ನೋಡಿ. ‘ಶಾಲೆಯ ಹತ್ತಿರ’ ಎಂದಷ್ಟೇ ಇದ್ದರೆ ವಕೀಲರು ಮೊದಲು ಹಿಡಿಯಬೇಕಾದದ್ದು ಅದನ್ನೇ.

ಕರ್ನಾಟಕ ಹೈಕೋರ್ಟ್ ಗಿರಾಕಿಗಳ ಮೇಲಿನ ಇಂಥ ಪ್ರಕರಣಗಳನ್ನು ರದ್ದುಪಡಿಸಿದ್ದುಂಟು. ಆದರೆ ಕೇರಳ ಹೈಕೋರ್ಟ್ 2025ರಲ್ಲಿ ಕಲಂ 5 ಗಿರಾಕಿಗೂ ಅನ್ವಯಿಸುತ್ತದೆ ಎಂದಿತು. ಆದ್ದರಿಂದ ‘ಏನೂ ಆಗಲ್ಲ’ ಎಂಬ ಭರವಸೆಯನ್ನು ನಂಬಬೇಡಿ. ಹುಡುಗಿ 18 ತುಂಬದವಳಾದರೆ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ. ಅಲ್ಲಿ ಒಪ್ಪಿಗೆಯ ಮಾತೇ ಇಲ್ಲ. ಕಳ್ಳಸಾಗಣೆಯಾಗಿ ಬಂದವಳೆಂದು ಗೊತ್ತಿದ್ದೂ ಹೋದವನಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 144ರಡಿ ಕನಿಷ್ಠ 3 ವರ್ಷ ಜೈಲು. ಅದು ಸರಿಯಾದ ಶಿಕ್ಷೆಯೇ.

ಹೆಣ್ಣುಮಕ್ಕಳ ವಿಷಯಕ್ಕೆ ಹೆಚ್ಚು ಗಮನ ಕೊಡಿ, ಅನ್ಯಾಯ ಹೆಚ್ಚಾಗಿ ಆಗುವುದು ಅಲ್ಲೇ. ಕಲಂ 15ರ ಪ್ರಕಾರ ದಾಳಿಯಲ್ಲಿ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಇರಬೇಕು, ಪಂಚರಲ್ಲೂ ಒಬ್ಬ ಮಹಿಳೆ ಬೇಕು. ಆಮೇಲೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಕಲಂ 17ರಡಿ ರಕ್ಷಣಾ ಗೃಹಕ್ಕೆ 1ರಿಂದ 3 ವರ್ಷ ಕಳಿಸಬಹುದು. ವಯಸ್ಕ ಮಹಿಳೆ ‘ನಾನು ಹೋಗಲ್ಲ’ ಎಂದರೂ ‘ರಕ್ಷಣೆ’ ಹೆಸರಿನಲ್ಲಿ ಕೂಡಿಹಾಕುವುದು ನಡೆದೇ ಇದೆ. ಹೀಗೆ ಇರಿಸಿದ್ದ ಮೂವರನ್ನು ಬಾಂಬೆ ಹೈಕೋರ್ಟ್ 2020ರಲ್ಲಿ ಬಿಡುಗಡೆ ಮಾಡಿತು. ದಾಳಿಯಲ್ಲಿ ಸಿಕ್ಕವರ ಮುಖ, ಗುರುತು ಮಾಧ್ಯಮಗಳಲ್ಲಿ ಬರಕೂಡದು, ಕಾಂಡೋಮ್ ಅನ್ನು ಅಪರಾಧದ ಸಾಕ್ಷ್ಯವಾಗಿ ನೋಡಕೂಡದು ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ನಿರ್ದೇಶಿಸಿದೆ. ಮಹಜರಿನಲ್ಲಿ ಕಾಂಡೋಮ್ ಪ್ಯಾಕೆಟ್ ಜಪ್ತಿ ಎಂದಿದ್ದರೆ ವಕೀಲರು ಈ ಆದೇಶ ತೋರಿಸಿ ಆಕ್ಷೇಪಿಸಲಿ.

ಆ ಇಬ್ಬರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲ. ಸಹಾಯವಾಣಿ 15100.