ತಮ್ಮ ಬಿಟ್ಟುಹೋದ ನಡುವಿನ ಚಿತ್ರಗಳು

ಪ್ರಶ್ನೆ: ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಅನಿಮೇಟರ್ ಆಗಿದ್ದ ನನ್ನ ತಮ್ಮ ಕಳೆದ ವರ್ಷ ಹೃದಯಾಘಾತದಿಂದ ತೀರಿಕೊಂಡ. ಮದುವೆಯಾಗಿರಲಿಲ್ಲ. ರಾತ್ರಿಯ ಹೊತ್ತು ಕಾಗದದ ಮೇಲೆ ತನಗಾಗಿ ಬರೆಯುತ್ತಿದ್ದ ಮೂರು ನಿಮಿಷದ ಚಿತ್ರವೊಂದು ಅರ್ಧಕ್ಕೆ ನಿಂತಿದೆ. ವರ್ಷಾಬ್ದಿಕದೊಳಗೆ ಅದನ್ನು ಮುಗಿಸಿಕೊಡುತ್ತೇವೆ ಎಂದು ಅವನ ಸ್ನೇಹಿತರು ಕೇಳುತ್ತಿದ್ದಾರೆ. ಅಮ್ಮ ಮಾತ್ರ, ‘ಅವನ ಚಿತ್ರಕ್ಕೆ ಬೇರೆಯವರ ಕೈ ತಾಗಬಾರದು’ ಎಂದು ಟ್ರಂಕಿಗೆ ಬೀಗ ಹಾಕಿದ್ದಾರೆ. ‘ಗೊಂಬೆ ಬರೆಯುವುದೂ ಒಂದು ಉದ್ಯೋಗವೇ’ ಎಂದು ಒಮ್ಮೆ ಅವನನ್ನು ಹಂಗಿಸಿದವಳು ನಾನು. ಈಗ ಯಾರ ಮಾತು ಕೇಳಲಿ?
– ಹೆಸರು ಬೇಡ, ಸಾಗರ

ಉತ್ತರ: ತಂಗೀ, ಯಾರ ಮಾತು ಕೇಳಬೇಕೆಂಬುದನ್ನು ನಿರ್ಧರಿಸುವ ಮೊದಲು ಆ ಟ್ರಂಕನ್ನು ಒಮ್ಮೆ ತೆರೆಯಬೇಕಾಗುತ್ತದೆ. ನಿಮ್ಮೂರಿನ ಮಳೆಗಾಲದಲ್ಲಿ ಮುಚ್ಚಿಟ್ಟ ಕಾಗದಕ್ಕೆ ಬೂಷ್ಟು ಹಿಡಿಯುವುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಹಾಳೆಗಳನ್ನು ಒಂದೂ ಅದಲುಬದಲಾಗದಂತೆ ಸ್ಕ್ಯಾನ್ ಮಾಡಿಸಿ, ಅವನ ಹಾರ್ಡ್‌ಡಿಸ್ಕಿನ ಎರಡು ಪ್ರತಿಗಳನ್ನು ತೆಗೆದು ಬೇರೆ ಬೇರೆ ಮನೆಗಳಲ್ಲಿ ಇಡಿ. ಇಷ್ಟಕ್ಕೆ ನಿಮ್ಮ ತಾಯಿಯವರು ಬೇಡವೆನ್ನಲಾರರು.

ಹಾಳೆಗಳನ್ನು ಎತ್ತುವಾಗ ಅವುಗಳ ಅಂಚನ್ನು ನೋಡಿ. ಕೆಲವು ಹಾಳೆಗಳ ಸಂಖ್ಯೆಯ ಸುತ್ತ ವೃತ್ತ ಹಾಕಿರಬಹುದು. ಅವು ‘ಕೀ’ ಚಿತ್ರಗಳು, ಅಂದರೆ ಒಂದು ಚಲನೆಯ ಮುಖ್ಯ ಭಂಗಿಗಳು. ಪಕ್ಕದಲ್ಲಿ ಒಂದು ಸಣ್ಣ ಗೆರೆ, ಅದರ ಮೇಲೆ ಕೆಲವು ಕಡೆ ಒತ್ತಾಗಿ, ಕೆಲವು ಕಡೆ ಅಂತರ ಬಿಟ್ಟು ಎಳೆದ ಅಡ್ಡಗೀಟುಗಳು ಕಂಡರೆ ಅದು ಟೈಮಿಂಗ್ ಚಾರ್ಟ್. ಈ ಭಂಗಿಯಿಂದ ಮುಂದಿನ ಭಂಗಿಗೆ ಹೋಗುವಾಗ ನಡುವೆ ಎಷ್ಟು ಚಿತ್ರಗಳು ಬೇಕು, ಚಲನೆ ಎಲ್ಲಿ ನಿಧಾನವಾಗಬೇಕು, ಎಲ್ಲಿ ಚುರುಕಾಗಬೇಕು ಎಂಬುದನ್ನು ಆ ಗೀಟುಗಳು ಹೇಳುತ್ತವೆ. ಸೆಕೆಂಡಿಗೆ 24 ಫ್ರೇಮುಗಳಲ್ಲಿ ಒಂದೊಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸಿದರೂ ಮೂರು ನಿಮಿಷಕ್ಕೆ 2,160 ಚಿತ್ರಗಳಾಗುತ್ತವೆ. ಆದ್ದರಿಂದ ಈ ವೃತ್ತಿಯಲ್ಲಿ ಮುಖ್ಯ ಚಿತ್ರ ಬರೆದವರು ನಡುವಿನವನ್ನು ಇನ್‌ಬಿಟ್ವೀನರ್ ಎಂಬ ಇನ್ನೊಬ್ಬರಿಗೆ ಬಿಡುವುದು ಹಳೆಯ ರೂಢಿ. ಆ ಚಾರ್ಟು ಹುಟ್ಟಿದ್ದೇ ಇನ್ನೊಬ್ಬರ ಕೈಗೆ ಹೇಳಿಕೊಡುವುದಕ್ಕೆ. ನಿಮ್ಮ ತಮ್ಮ ತನ್ನ ಅನುಕೂಲಕ್ಕೇ ಅದನ್ನು ಬರೆದುಕೊಂಡಿರಬಹುದು, ಆದರೂ ಅದನ್ನು ಓದಬಲ್ಲವರು ಈಗ ಆ ಸ್ನೇಹಿತರೇ.

ಹಾಗಾಗಿ ಚಾರ್ಟು ಇರುವ ಕಡೆ ನಡುವಿನ ಚಿತ್ರಗಳನ್ನು ಸ್ನೇಹಿತರು ಬರೆಯಲಿ, ಅವನ ಮೂಲ ಹಾಳೆಗಳ ಮೇಲಲ್ಲ, ಪ್ರತಿಗಳ ಮೇಲೆ. ಅವನ ಕೀ ಚಿತ್ರವೇ ಇಲ್ಲದ ಕಡೆ ಅವರು ಹೊಸದಾಗಿ ಏನನ್ನೂ ಕಲ್ಪಿಸಕೂಡದು. ಸ್ಟೋರಿಬೋರ್ಡಿನ, ಅಂದರೆ ಕಥೆಯನ್ನು ಮೊದಲೇ ಚೌಕ ಚೌಕವಾಗಿ ಬರೆದಿಟ್ಟ ಕರಡಿನ, ಒಂದು ಚೌಕವನ್ನೋ ಪೆನ್ಸಿಲ್ ಗೀಚನ್ನೋ ಹಾಗೆಯೇ ತೆರೆಯ ಮೇಲೆ ನಿಲ್ಲಿಸಲಿ. ಅಲ್ಲಲ್ಲಿ ತುಂಡಾಗಿರುವ ಚಿತ್ರವನ್ನು ನೋಡುವುದು ಕಷ್ಟವೇ, ಆದರೆ ಬೇರೆಯವರು ನಯವಾಗಿ ಮುಗಿಸಿದ್ದಕ್ಕಿಂತ ಅದೇ ಹೆಚ್ಚು ಅವನದು. ಈ ಮಟ್ಟಿಗೆ ನಾನು ನಿಮ್ಮ ತಾಯಿಯವರ ಪಕ್ಷ.

ಕಾನೂನೂ ಹೆಚ್ಚುಕಡಿಮೆ ಅವರ ಪಕ್ಷದಲ್ಲಿಯೇ ಇದೆ. ಉದ್ಯೋಗದ ಭಾಗವಾಗಿ ಮಾಡಿದ ಕೆಲಸದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸ್ಟುಡಿಯೋದ್ದು. ಸ್ಟುಡಿಯೋದವರನ್ನು ಕೇಳದೆ ಅಂಥದ್ದನ್ನು ಎಲ್ಲಿಯೂ ಹಾಕಬೇಡಿ. ತನಗಾಗಿ ಬರೆದದ್ದು ಮಾತ್ರ ಅವನ ವಾರಸುದಾರರಿಗೆ ಸೇರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವ ಮನೆಯಾಗಿದ್ದು, ಉಯಿಲು ಇಲ್ಲದಿದ್ದರೆ, ಅವಿವಾಹಿತನ ಮೊದಲ ವಾರಸುದಾರಳು ತಾಯಿ, ಅಕ್ಕನಲ್ಲ. ಅವರ ಒಪ್ಪಿಗೆಯಿಲ್ಲದೆ ಒಂದು ಹಾಳೆಯೂ ಮನೆಯಿಂದ ಹೊರಗೆ ಹೋಗಬಾರದು.

ಇನ್ನು ನೀವು ಹಂಗಿಸಿದ ಮಾತು. ಆ ಮಾತಾದ ಮೇಲೂ ಅವನು ವೃತ್ತಿಯನ್ನು ಬಿಡಲಿಲ್ಲವಲ್ಲ. ಮನೆಯವರ ಇಂಥ ಮಾತನ್ನು ಈ ವೃತ್ತಿಯ ಬಹಳ ಮಂದಿ ಕೇಳಿಯೇ ಇರುತ್ತಾರೆ. ಆದರೆ ನಿಮ್ಮ ಪಶ್ಚಾತ್ತಾಪದ ಭಾರವನ್ನು ಈ ಚಿತ್ರದ ಮೇಲೆ ಹೊರಿಸಬೇಡಿ. ವರ್ಷಾಬ್ದಿಕದ ದಿನಕ್ಕೆ ಮುಗಿಯಲೇಬೇಕೆಂಬ ಆತುರ ಸ್ನೇಹಿತರಿಗಿಂತ ನಿಮಗೇ ಹೆಚ್ಚಿರುವಂತೆ ನನಗೆ ತೋರುತ್ತದೆ.

ಸ್ನೇಹಿತರಲ್ಲಿ ಒಬ್ಬರನ್ನು ಮನೆಗೆ ಕರೆಯಿರಿ. ಒಂದೇ ಚಲನೆಯ ನಾಲ್ಕೈದು ಹಾಳೆಗಳನ್ನು ಬೆರಳುಗಳ ಸಂದಿಯಲ್ಲಿ ಹಿಡಿದು, ಒಂದೊಂದಾಗಿ ಬಾಗಿಸಿ ಬಿಡುತ್ತಾ ಚಲನೆಯನ್ನು ಪರೀಕ್ಷಿಸುವ ಬಗೆ ಅವರಿಗೆ ಗೊತ್ತಿರುತ್ತದೆ. ಅದನ್ನು ನಿಮ್ಮ ತಾಯಿಯವರ ಕೈಯಿಂದಲೇ ಮಾಡಿಸಲಿ. ಟ್ರಂಕಿನ ಬೀಗದ ಮಾತನ್ನು ಆ ದಿನ ಯಾರೂ ಎತ್ತುವುದು ಬೇಡ.