ತನ್ನ ತುತ್ತು ತನ್ನ ಕೈಯಲ್ಲೇ

ಪ್ರಶ್ನೆ: ಮಗಳಿಗೆ ಆರು ತಿಂಗಳು ತುಂಬಿ ಎರಡು ವಾರವಾಯಿತು. ತಾನೇ ತಿನ್ನಲಿ ಎಂದು ಇಡ್ಲಿ ಚೂರು ಕೈಗಿತ್ತೆ. ಮುಖ ಕೆಂಪಾಗಿ, ಕೆಮ್ಮಿ ಓಕರಿಸಿದಳು. ಅತ್ತೆಯವರು ‘ಹಲ್ಲೇ ಬಂದಿಲ್ಲ, ಗಂಟಲಿಗೆ ಸಿಕ್ಕಿಕೊಂಡರೆ?’ ಎಂದು ಗಾಬರಿಯಾದರು. ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಕಿಲ್ಲ, ಕೊಡುವ ರೀತಿ ಬದಲಾಗಲಿ. ಮಗಳು ಹೆಚ್ಚು ಆಸರೆಯಿಲ್ಲದೆ ನೆಟ್ಟಗೆ ಕೂರುತ್ತಾಳೆಯೇ, ಕತ್ತು ನಿಂತಿದೆಯೇ, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರದೂಡುವುದು ನಿಂತಿದೆಯೇ ಎಂದು ಮೊದಲು ನೋಡಿ. ಇವು ಮೂರೂ ಇದ್ದರೆ ಹಲ್ಲಿಗಾಗಿ ಕಾಯಬೇಡಿ. ಮೆತ್ತಗಿನ ಆಹಾರವನ್ನು ವಸಡೇ ಅರೆಯುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ವೈದ್ಯರನ್ನು ಕೇಳಿ.

ತಪ್ಪಿದ್ದು ‘ಚೂರಿ’ನಲ್ಲಿ. ಈ ವಯಸ್ಸಿಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಹೆಕ್ಕಲು ಬರುವುದಿಲ್ಲ, ಮುಷ್ಟಿಯಲ್ಲಷ್ಟೇ ಹಿಡಿಯಬಲ್ಲಳು. ಹಾಗಾಗಿ ನಿಮ್ಮ ಬೆರಳಿನಷ್ಟು ಉದ್ದ, ದಪ್ಪದ ತುಂಡು ಕೊಡಿ. ಮುಷ್ಟಿಯಿಂದ ಹೊರಗುಳಿದ ತುದಿಯನ್ನು ಚೀಪುತ್ತಾಳೆ. ಎರಡು ಬೆರಳ ನಡುವೆ ಒತ್ತಿದರೆ ಹಿಸುಕಿಹೋಗಬೇಕು: ಬೇಯಿಸಿದ ಸಿಹಿಗುಂಬಳ, ಗೆಣಸು, ಕ್ಯಾರೆಟ್, ಕಳಿತ ಪರಂಗಿ. ಒಣ ಇಡ್ಲಿ ಬಾಯಲ್ಲಿ ಉಂಡೆ ಕಟ್ಟುತ್ತದೆ, ತೆಳು ತೊವ್ವೆಯಲ್ಲಿ ನೆನೆಸಿ ಕೊಡಿ. ಜಾರುವ ಬಾಳೆಹಣ್ಣಿಗೆ ಸಿಪ್ಪೆ ತೊಳೆದು, ಕೆಳಗರ್ಧ ಹಾಗೇ ಬಿಡಿ. ಮುದ್ದೆ ಬೇಡ, ನಾವದನ್ನು ನುಂಗುವವರು, ಮಗು ಕಲಿಯಬೇಕಾದ್ದು ಅಗಿಯುವುದನ್ನು.

ಇಡೀ ಕಡಲೆಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್, ಪಾಪ್‌ಕಾರ್ನ್ ಕೂಡದು. ದ್ರಾಕ್ಷಿಯನ್ನು ಉದ್ದುದ್ದ ನಾಲ್ಕು ಸೀಳಿ. ವರ್ಷ ತುಂಬುವವರೆಗೆ ಜೇನನ್ನು ನೆಕ್ಕಿಸಲೂ ಬೇಡಿ, ಬಾಟುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ಉಪ್ಪು, ಸಕ್ಕರೆ ಸೇರಿಸಬೇಡಿ.

ಇನ್ನು ಅತ್ತೆಯವರ ಭಯ. ಸದ್ದು ಮಾಡಿ ಓಕರಿಸುವುದು, ಕೆಮ್ಮುವುದು ದೇಹದ ಕಾವಲು. ಎಳೆಮಕ್ಕಳಲ್ಲಿ ಆ ಕಾವಲು ನಾಲಿಗೆಯ ಮುಂಭಾಗದಲ್ಲೇ ಇರುವುದರಿಂದ ಬೇಗ ಓಕರಿಕೆ ಬರುತ್ತದೆ. ಆಗ ಬಾಯಿಗೆ ಬೆರಳು ಹಾಕಿದರೆ ತುಂಡು ಒಳಗೆ ಸರಿಯಬಹುದು, ನೋಡುತ್ತಾ ಸುಮ್ಮನಿರಿ. ಸದ್ದೇ ಇಲ್ಲದೆ, ಕೆಮ್ಮಲಾಗದಿದ್ದರೆ ಅಥವಾ ತುಟಿ ನೀಲಿಗಟ್ಟಿದರೆ ಉಸಿರುಗಟ್ಟಿದೆಯೆಂದರ್ಥ. ನೆತ್ತಿ ತಟ್ಟಿ ಪ್ರಯೋಜನವಿಲ್ಲ. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಭುಜದ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಬಲವಾಗಿ ತಟ್ಟಿ. ಹೊರಬರದಿದ್ದರೆ ಅಂಗಾತ ತಿರುಗಿಸಿ, ಎದೆ ನಡುವೆ ಎರಡು ಬೆರಳಿಂದ 5 ಸಲ ಒತ್ತಿ. ಹೀಗೇ ಮುಂದುವರಿಸುತ್ತಿರುವಾಗ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಊಟ ಮಾಡುವ ಮಗುವನ್ನು ಒಂಟಿಯಾಗಿ ಬಿಡಬೇಡಿ, ಒರಗಿಸಿ ಕೂರಿಸಬೇಡಿ.

ಪ್ರಶ್ನೆ: ತಿಂದದ್ದಕ್ಕಿಂತ ನೆಲಕ್ಕೆ ಬಿದ್ದದ್ದೇ ಹೆಚ್ಚು. ಇಷ್ಟು ಸಾಕೇ?

ಉತ್ತರ: ಹೊಟ್ಟೆ ತುಂಬಿಸುವುದು ಈಗಲೂ ಹೆಚ್ಚಾಗಿ ಎದೆಹಾಲೇ. ಕೊರತೆ ಬೀಳುವುದು ಕಬ್ಬಿಣಾಂಶಕ್ಕೆ. ಹುಟ್ಟುವಾಗ ತಂದ ದಾಸ್ತಾನು ಆರು ತಿಂಗಳ ಹೊತ್ತಿಗೆ ಕರಗಿರುತ್ತದೆ. ಬರೀ ಹಣ್ಣು, ತರಕಾರಿ ಕೊಡುವವರು ಎಡವುವುದು ಇಲ್ಲೇ. ಚೆನ್ನಾಗಿ ಬೇಯಿಸಿದ ಬೇಳೆಗೆ ನಿಂಬೆರಸ ಹಿಂಡಿ, ಮಾಂಸ ತಿನ್ನುವ ಮನೆಯಾದರೆ ನುಣ್ಣಗೆ ಅರೆದ ಮಾಂಸವನ್ನೂ ಕೊಡಿ. ರಾಗಿ ಸರಿಯನ್ನು ಕೈಬಿಡಬೇಡಿ. ಗಟ್ಟಿಯಾಗಿ ಕಾಯಿಸಿ, ಚಮಚಕ್ಕೆ ತುಂಬಿ ಅವಳ ಕೈಗಿಟ್ಟರೆ ತಾನೇ ಬಾಯಿಗೊಯ್ಯುತ್ತಾಳೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, 1 ಮಿಲಿ.